ಅಡುಗೆಮನೆಯ ಪ್ರಶ್ನೆ, ಆಫೀಸಿನ ಉತ್ತರ

ಲಖನೌ ಪಕ್ಕದ ಬಾರಾಬಂಕಿ. 2014ರ ಮಾರ್ಚ್. ನೀವೀಗ ಒಂದು ಸೂಪರ್‌ಮಾರ್ಕೆಟ್ಟಿನೊಳಗೆ, ಬಿಸ್ಕತ್ತು–ಶಾವಿಗೆಗಳ ಸಾಲಿನ ನಡುವೆ ನಿಂತಿದ್ದೀರಿ. ಆಹಾರ ಸುರಕ್ಷತಾ ಇಲಾಖೆಯವರು ಬಂದಿದ್ದಾರೆ. ಅಬ್ಬರವೇನಿಲ್ಲ, ಇದು ವಾಡಿಕೆಯ ತಪಾಸಣೆ. ಶೆಲ್ಫಿನಿಂದ ಹಳದಿ ಪೊಟ್ಟಣವೊಂದು ಕೈಗೆ ಬರುತ್ತದೆ, ಮಗುಚಿ ಹಿಂಬದಿ ಓದುತ್ತಾರೆ. 'ಎಂಎಸ್‌ಜಿ ಸೇರಿಸಿಲ್ಲ' ಎಂಬ ಸಾಲಿನ ಮೇಲೆ ಕಣ್ಣು ನಿಲ್ಲುತ್ತದೆ. ಮ್ಯಾಗಿ ನೂಡಲ್ಸ್.

ಮುಂದಿನದನ್ನು ಹತ್ತಿರದಿಂದ ನೋಡಿ. ತೆಗೆದುಕೊಂಡ ಸ್ಯಾಂಪಲ್ ನಾಲ್ಕು ಪಾಲಾಗುತ್ತದೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಹೇಳುವುದೇ ಹಾಗೆ. ಒಂದೊಂದಕ್ಕೂ ಕಾಗದ ಸುತ್ತುತ್ತಾರೆ, ದಾರ ಕಟ್ಟುತ್ತಾರೆ, ಅರಗು ಕರಗಿಸಿ ಗಂಟಿನ ಮೇಲೆ ಮುದ್ರೆ ಒತ್ತುತ್ತಾರೆ. ಚೀಟಿಯ ಮೇಲೆ ಅಂಗಡಿಯವರದೊಂದು ಸಹಿ. ಬಿಲ್ಲಿನ ದುಡ್ಡು ಕೊಟ್ಟು ಹೊರಡುತ್ತಾರೆ. ಅಷ್ಟರಲ್ಲಿ ಹೆಂಗಸೊಬ್ಬರು ಪಕ್ಕದಲ್ಲೇ ಕೈಚಾಚಿ ಅದೇ ಶೆಲ್ಫಿನಿಂದ ಎರಡು ಪೊಟ್ಟಣ ತೆಗೆದು ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಬಿಕ್ಕಟ್ಟು ಶುರುವಾದ ಗಳಿಗೆ ಇದೇ ಎಂದು ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ.

ಒಂದು ಪಾಲು ಗೋರಖ್‌ಪುರದ ಸರ್ಕಾರಿ ಪ್ರಯೋಗಾಲಯಕ್ಕೆ ಹೋಯಿತು. ಎಂಎಸ್‌ಜಿ, ಅಂದರೆ ನಮ್ಮ ಬಾಯಲ್ಲಿ ಅಜಿನೊಮೊಟೊ, ಇದೆ ಎಂದು ವರದಿ ಬಂತು. ಮ್ಯಾಗಿ ತಯಾರಿಸುವ ನೆಸ್ಲೆ ಒಪ್ಪಲಿಲ್ಲ. ಈರುಳ್ಳಿ ಪುಡಿಯಲ್ಲಿ, ಟೊಮೆಟೊದಲ್ಲಿ, ಗೋಧಿಯ ಪ್ರೋಟೀನಿನಲ್ಲಿ ಎಂಎಸ್‌ಜಿಯಲ್ಲಿರುವ ಗ್ಲುಟಮೇಟ್ ತಾನಾಗಿಯೇ ಇರುತ್ತದೆ, ನಾವು ಹೊರಗಿನಿಂದ ಹಾಕಿಲ್ಲ ಎಂದಿತು. ರಸಾಯನಶಾಸ್ತ್ರದ ಮಟ್ಟಿಗೆ ಅದು ನಿಜವಾದ ಮಾತು. ಮೇಲ್ಮನವಿಯಾಯಿತು, ಇನ್ನೊಂದು ಪಾಲು ಕೋಲ್ಕತ್ತದ ಕೇಂದ್ರೀಯ ಆಹಾರ ಪ್ರಯೋಗಾಲಯದ ಕಡೆಗೆ ಹೊರಟಿತು. ತಿಂಗಳುಗಳು ಉರುಳಿದವು. ಪೊಟ್ಟಣದ ಮೇಲಿನ ಬಳಕೆಯ ಅವಧಿ ನವೆಂಬರಿಗೇ ಮುಗಿಯಿತು. ಕೋಲ್ಕತ್ತದ ವರದಿ ಕೈಸೇರಿದ್ದು 2015ರ ಏಪ್ರಿಲಿನಲ್ಲಿ. ಅದರಲ್ಲಿ ಯಾರೂ ನಿರೀಕ್ಷಿಸದ ಇನ್ನೊಂದು ಅಂಕಿ ಇತ್ತು. ಸೀಸ: 17.2 ಪಿಪಿಎಂ. ಆಗ ಕಾನೂನು ಒಪ್ಪುತ್ತಿದ್ದದ್ದು 2.5ರವರೆಗೆ.

ಸಾವಿರ ಕಿಲೋ ಪದಾರ್ಥದಲ್ಲಿ ಒಂದು ಗ್ರಾಂ ಇದ್ದರೆ ಅದು ಒಂದು ಪಿಪಿಎಂ. ಲೆಕ್ಕ ಹಾಕಿದರೆ ಎಪ್ಪತ್ತು ಗ್ರಾಮಿನ ಪೊಟ್ಟಣದಲ್ಲಿ ಒಂದು ಮಿಲಿಗ್ರಾಮಿಗಿಂತ ಚೂರು ಹೆಚ್ಚು. ಈ ಲೆಕ್ಕವನ್ನು ಕೂತು ಮಾಡಲು ಯಾರಿಗೆ ಪುರುಸೊತ್ತಿದೆ? ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಟ್ಟದ್ದು ಎಂಬುದು ಎಲ್ಲರಿಗೂ ಗೊತ್ತು, ಅದು ಸತ್ಯ ಕೂಡ. ಮ್ಯಾಗಿ ತಿನ್ನುವವರಲ್ಲಿ ಮಕ್ಕಳೇ ಹೆಚ್ಚು ಎಂಬುದೂ ಗೊತ್ತು. ಈ ಎರಡು ತಿಳಿವಳಿಕೆ ಒಂದಕ್ಕೊಂದು ತಗುಲಿದರೆ ಸಾಕು, ಬೇರೆ ಯಾವ ಲೆಕ್ಕವೂ ಬೇಕಿಲ್ಲ.

ಈಗ ಮೇ ತಿಂಗಳು. ನೀವಿರುವುದು ದೆಹಲಿ ಪಕ್ಕದ ಗುಡಗಾಂವ್‌ನಲ್ಲಿ, ನೆಸ್ಲೆ ಇಂಡಿಯಾದ ಕೇಂದ್ರ ಕಚೇರಿಯ ಎದುರು. ಹೊರಗೆ ಬಿಸಿಗಾಳಿ, ಗಾಜಿನ ಹಿಂದೆ ಎ.ಸಿ. ಈ ಕಂಪನಿ ಮ್ಯಾಗಿಯನ್ನು ಭಾರತಕ್ಕೆ ತಂದು ಮೂರು ದಶಕವೇ ಆಗಿದೆ. ದೇಶದಲ್ಲಿ ಮಾರಾಟವಾಗುವ ಇನ್‌ಸ್ಟಂಟ್ ನೂಡಲ್ಸಿನಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಇದರದೇ. ಕಂಪನಿಯ ಒಟ್ಟು ವಹಿವಾಟಿನಲ್ಲಿ ಐದನೆಯ ಒಂದು ಪಾಲಿಗೂ ಮಿಕ್ಕಿ ಈ ಹಳದಿ ಪೊಟ್ಟಣದ ಕುಟುಂಬದಿಂದಲೇ ಬರುತ್ತದೆ.

ಇಂಥ ಹೊತ್ತಿನಲ್ಲಿ ಯಾವ ದೊಡ್ಡ ಕಂಪನಿಯ ಮೀಟಿಂಗ್ ರೂಮಿಗೆ ಹೊಕ್ಕರೂ ಮೇಜಿನ ಸುತ್ತ ಅದೇ ಮೂರು ದನಿ ಕೇಳುತ್ತವೆ. ಲಾ ಡಿಪಾರ್ಟ್‌ಮೆಂಟಿನವರದು, 'ಏನೂ ಹೇಳುವುದು ಬೇಡ, ಹೇಳಿದ್ದೆಲ್ಲ ನಾಳೆ ಕೋರ್ಟಿನಲ್ಲಿ ನಮ್ಮ ಕುತ್ತಿಗೆಗೇ ಬರುತ್ತದೆ.' ಕ್ವಾಲಿಟಿಯವರದು, 'ನಮ್ಮ ಟೆಸ್ಟ್ ರಿಪೋರ್ಟುಗಳೆಲ್ಲ ಕ್ಲೀನ್ ಇವೆ, ತಪ್ಪು ಅವರ ಲ್ಯಾಬಿನದು.' ಸೇಲ್ಸಿನವರದು ಮೂರನೆಯ ದನಿ, ಅದು ಫೋನಿನಲ್ಲಿ ಬರುತ್ತದೆ: 'ಸರ್, ಅಂಗಡಿಯವರು ಕೇಳ್ತಾ ಇದ್ದಾರೆ, ಏನು ಹೇಳಲಿ?' ಮೊದಲ ಎರಡು ದನಿ ಮೇಜಿನ ಬಳಿ ಕೂತವರದು. ಮೂರನೆಯದು ದೂರದ್ದು. ನಿಜವಾದ ಪ್ರಶ್ನೆ ಇರುವುದು ಆ ಮೂರನೆಯದರಲ್ಲಿ.

ಬಿಕ್ಕಟ್ಟು ಎಂದರೇನು ಎಂಬುದು ನಿರ್ಧಾರವಾಗುವುದೂ ಇದೇ ಮೇಜಿನ ಮೇಲೆ. 'ಒಂದು ಬ್ಯಾಚಿನ ಒಂದು ಸ್ಯಾಂಪಲ್ಲಿನ ಬಗ್ಗೆ ಒಂದು ರಾಜ್ಯದ ಇಲಾಖೆಯೊಡನೆ ತಕರಾರು' ಎಂದು ಬರೆದುಕೊಂಡರೆ ಅದಕ್ಕೆ ತಕ್ಕ ಕೆಲಸಗಳು ಸಾಲುಗಟ್ಟುತ್ತವೆ: ಮೇಲ್ಮನವಿ, ಪತ್ರ, ಅಧಿಕಾರಿಗಳ ಭೇಟಿ. 'ತಾಯಂದಿರು ನಮ್ಮನ್ನು ಅನುಮಾನಿಸತೊಡಗಿದ್ದಾರೆ' ಎಂದು ಬರೆದುಕೊಂಡರೆ ಮಾಡಬೇಕಾದ ಕೆಲಸಗಳೇ ಬೇರೆ. ನೆಸ್ಲೆ ಮೊದಲನೆಯದನ್ನು ಬರೆದುಕೊಂಡಿತು ಎಂಬುದಕ್ಕೆ ಅದರ ಆ ದಿನಗಳ ನಡೆಯೇ ಸಾಕ್ಷಿ. ಉತ್ತರ ಪ್ರದೇಶದ ಇಲಾಖೆ ಆ ಬ್ಯಾಚಿನ ಪೊಟ್ಟಣಗಳನ್ನು ವಾಪಸ್ ತೆಗೆದುಕೊಳ್ಳಲು ಹೇಳಿ, ಸುದ್ದಿ ದೇಶವ್ಯಾಪಿಯಾಗಿ ಹಬ್ಬಿದ ಮೇಲೆ, ಮೇ 21ರಂದು ಹೇಳಿಕೆ ಬಂತು. ಮ್ಯಾಗಿ ಸುರಕ್ಷಿತ, ಮಾರಾಟದಲ್ಲಿರುವ ಮ್ಯಾಗಿಯನ್ನು ಹಿಂಪಡೆಯುವ ಆದೇಶವಿಲ್ಲ ಎಂಬುದು ಅದರ ಸಾರ. ಜೂನ್ ಆರಂಭದಲ್ಲಿ ಇನ್ನೊಂದು ಬಂತು: ಸುಮಾರು 600 ಬ್ಯಾಚುಗಳ ಸ್ಯಾಂಪಲ್ ಹೊರಗಿನ ಲ್ಯಾಬಿನಲ್ಲಿ, ಸುಮಾರು 1,000 ಬ್ಯಾಚುಗಳದ್ದು ನಮ್ಮ ಲ್ಯಾಬಿನಲ್ಲಿ ಪರೀಕ್ಷೆಯಾಗಿದೆ, ಇವು ಹನ್ನೆರಡೂವರೆ ಕೋಟಿ ಪೊಟ್ಟಣಗಳಿಗೆ ಸಮ, ಎಲ್ಲವೂ ಮಿತಿಯೊಳಗಿವೆ. ಟ್ವಿಟರಿನಲ್ಲಿ ಜನ ಒಬ್ಬೊಬ್ಬರಾಗಿ ಕೇಳುತ್ತಿದ್ದ ಪ್ರಶ್ನೆಗಳಿಗೂ ಇದೇ ಅಚ್ಚಿನ ಉತ್ತರಗಳು.

ಈಗ ಗುಡಗಾಂವ್ ಬಿಟ್ಟು ಬನ್ನಿ. ಮೈಸೂರಿನ ಯಾವುದಾದರೂ ಬಡಾವಣೆಯ ದಿನಸಿ ಅಂಗಡಿ, ಜೂನ್ 3ರ ಸಂಜೆ. ಶಾಲೆ ಶುರುವಾಗಿ ಎರಡು–ಮೂರು ದಿನವಾಗಿದೆ. ಗಲ್ಲಾಪೆಟ್ಟಿಗೆಯ ಮೇಲಿನ ಸಣ್ಣ ಟಿ.ವಿ.ಯಲ್ಲಿ ಸುದ್ದಿ ಓಡುತ್ತಿದೆ: ದೆಹಲಿಯಲ್ಲಿ ಹದಿಮೂರು ಸ್ಯಾಂಪಲ್ಲಿನಲ್ಲಿ ಹತ್ತರಲ್ಲಿ ಸೀಸ ಜಾಸ್ತಿ, ಹದಿನೈದು ದಿನ ಮಾರಾಟ ನಿಷೇಧ, ಸೇನೆಯ ಕ್ಯಾಂಟೀನುಗಳಲ್ಲೂ ಮಾರಾಟಕ್ಕೆ ತಡೆ. ಹೆಣ್ಣುಮಗಳೊಬ್ಬಳು ಸೋಪು, ಉಪ್ಪು ಕಟ್ಟಿಸಿಕೊಂಡು, ತೂಗುಹಾಕಿದ ಹಳದಿ ಸರದ ಕಡೆ ನೋಡಿ ನಿಲ್ಲುತ್ತಾಳೆ.

'ಅಣ್ಣ, ಇದನ್ನ ಮಗೂಗೆ ಕೊಡ್ಬೋದಾ?'

'ನಂಗೇನ್ ಗೊತ್ತಮ್ಮ. ಟಿ.ವಿ.ಲಿ ಹಂಗಂತಾವ್ರೆ. ಕಂಪ್ನಿಯೋರು ಏನೂ ಆಗಲ್ಲ ಅಂತಾವ್ರಂತೆ.'

'ನೀವ್ ನಿಮ್ಮನೇಲಿ ಮಾಡ್ತಿದ್ದೀರಾ?'

ಅಂಗಡಿಯಾತ ಒಂದು ಕ್ಷಣ ಸುಮ್ಮನಾಗುತ್ತಾನೆ. 'ಎರಡು ದಿನದಿಂದ ಇಲ್ಲಮ್ಮ. ನಮ್ ಹೆಂಗಸ್ರು ಬೇಡ ಅಂದ್ರು.'

ನೆಸ್ಲೆ ಇಂಡಿಯಾದ ಇಡೀ ಬಿಕ್ಕಟ್ಟು ಇಷ್ಟರಲ್ಲಿದೆ. ಇಂಥ ಮಾತು ಆ ವಾರ ದೇಶದ ಎಷ್ಟು ಅಂಗಡಿಗಳ ಮುಂದೆ ನಡೆದಿರಬಹುದು, ಊಹಿಸಿ. ಆಕೆ ಕೇಳಿದ್ದು ಪಿಪಿಎಂ ಅಲ್ಲ, ಬ್ಯಾಚ್ ಸಂಖ್ಯೆಯಲ್ಲ. ಕೊಡಬಹುದಾ, ಬೇಡವಾ, ಇಷ್ಟೇ. ಅದಕ್ಕೆ ಉತ್ತರ ಕೊಡಬೇಕಾದವರು ಕೊಡದೇ ಇದ್ದಾಗ ಉತ್ತರ ಕೊಟ್ಟದ್ದು ಟಿ.ವಿ., ಪಕ್ಕದ ಮನೆ, ಅಂಗಡಿಯವನ ಹೆಂಡತಿ. ಕಂಪನಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದು ಉತ್ತರಿಸುತ್ತಿದ್ದದ್ದು ಬೇರೊಂದು ಪ್ರಶ್ನೆಗೆ.

ಇದು ಹೊಸದೇನಲ್ಲ. 2003ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದಲ್ಲಿ ಕ್ಯಾಡ್‌ಬರಿ ಡೈರಿ ಮಿಲ್ಕಿನೊಳಗೆ ಹುಳು ಸಿಕ್ಕಾಗ ಕಂಪನಿಯ ಮೊದಲ ಮಾತು ಅಂಗಡಿಗಳು ಸರಿಯಾಗಿ ಇಟ್ಟುಕೊಳ್ಳುತ್ತಿಲ್ಲ ಎಂಬುದಾಗಿತ್ತು. ಅದರಲ್ಲೂ ಹುರುಳಿಲ್ಲದೆ ಇರಲಿಲ್ಲ. ಆದರೆ ಜನ ಸಮಾಧಾನಗೊಂಡದ್ದು ಕಂಪನಿ ತನ್ನ ಪೊಟ್ಟಣವನ್ನೇ ಬದಲಿಸಿ, ಒಳಗೆ ಇನ್ನೂ ಗಟ್ಟಿಯಾದ ಹೊದಿಕೆ ಹಾಕಿ, ಏನು ಮಾಡಿದ್ದೇವೆ ನೋಡಿ ಎಂದು ತೋರಿಸಿದ ಮೇಲೆ.

ಜೂನ್ 5. ನಡುರಾತ್ರಿ ಕಳೆದಿದೆ. ಸುದ್ದಿಮನೆಗಳ ಕಂಪ್ಯೂಟರ್ ಪರದೆಯ ಮೇಲೆ ನೆಸ್ಲೆಯ ಹೇಳಿಕೆ ಮೂಡುತ್ತದೆ: ಮ್ಯಾಗಿಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯುತ್ತಿದ್ದೇವೆ. ಬೆಳಗಾದ ಮೇಲೆ ನೀವು ದೆಹಲಿಯ ಪತ್ರಿಕಾಗೋಷ್ಠಿಯಲ್ಲಿದ್ದೀರಿ. ಮೈಕುಗಳ ಗೊಂಚಲಿನ ಹಿಂದೆ ಕೂತಿರುವವರು ಪಾಲ್ ಬುಲ್ಕೆ, ಇಡೀ ಜಗತ್ತಿನ ನೆಸ್ಲೆಗೆ ಸಿಇಒ. ಸ್ವಿಟ್ಜರ್ಲೆಂಡಿನಿಂದ ಬಂದಿದ್ದಾರೆ. ಕ್ಯಾಮೆರಾದವರು ಒಬ್ಬರನ್ನೊಬ್ಬರು ತಳ್ಳುತ್ತಿದ್ದಾರೆ. ಬುಲ್ಕೆ ಹೇಳುವುದು ಇಷ್ಟು: ನಮ್ಮ ನೂಡಲ್ಸ್ ಸುರಕ್ಷಿತವಾಗಿದೆ, ಆದರೆ ಗೊಂದಲ ಎದ್ದಿರುವುದರಿಂದ, ಗ್ರಾಹಕರ ನಂಬಿಕೆ ಮುಖ್ಯವಾದ್ದರಿಂದ ವಾಪಸ್ ಪಡೆಯುತ್ತಿದ್ದೇವೆ. 'ಎಂಎಸ್‌ಜಿ ಸೇರಿಸಿಲ್ಲ' ಎಂಬ ಸಾಲನ್ನು ಲೇಬಲ್ಲಿನಿಂದ ತೆಗೆಯುತ್ತೇವೆ.

ಸುರಕ್ಷಿತವಾಗಿದ್ದರೆ ವಾಪಸೇಕೆ? ಕೋಣೆಯ ಹಿಂದಿನ ಸಾಲಿನಲ್ಲಿ ನಿಂತ ನಿಮಗೂ ಇದೇ ಹೊಳೆಯುತ್ತದೆ. ಅವರ ಉತ್ತರದಲ್ಲಿ ತರ್ಕವಿದೆ. ಆದರೆ ಆ ತರ್ಕವನ್ನು ಮೂರು ವಾರ ಮೊದಲು, ಒಂದು ಬ್ಯಾಚಿನ ಮಟ್ಟಿಗೆ ಹೇಳಿದ್ದರೆ ಅದು ಜವಾಬ್ದಾರಿಯಾಗಿ ಕೇಳಿಸುತ್ತಿತ್ತು. ರಾಜ್ಯದ ಮೇಲೆ ರಾಜ್ಯ ಬಾಗಿಲು ಮುಚ್ಚಿದ ಮೇಲೆ ಹೇಳಿದಾಗ ಸೋಲಾಗಿ ಕೇಳಿಸಿತು. ಅದೇ ದಿನ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಒಂಬತ್ತೂ ಬಗೆಯ ಮ್ಯಾಗಿ ನೂಡಲ್ಸನ್ನು ಅಸುರಕ್ಷಿತ ಎಂದು ಕರೆದು ಹಿಂಪಡೆಯಲು ಆದೇಶ ಹೊರಡಿಸಿತು. ಕಂಪನಿ ತಾನಾಗಿ ಇಟ್ಟ ಹೆಜ್ಜೆ ಸರ್ಕಾರದ ಆದೇಶದಡಿ ಮುಚ್ಚಿಹೋಯಿತು.

ಆ ದಿನಗಳ ಒಂದು ವಾದ ನನ್ನನ್ನು ಈಗಲೂ ಕಾಡುತ್ತದೆ. ಶಾವಿಗೆಯನ್ನೂ ಮಸಾಲೆ ಪುಡಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕೆ, ಜನ ತಿನ್ನುವ ಹಾಗೆ ಬೆರೆಸಿ ಪರೀಕ್ಷಿಸಬೇಕೆ? ಕಂಪನಿ ಎರಡನೆಯದನ್ನು ಹಿಡಿಯಿತು, ಪ್ರಾಧಿಕಾರ ಮೊದಲನೆಯದನ್ನು. ವಿಜ್ಞಾನಿಗಳು ಕೂತು ಚರ್ಚಿಸಬೇಕಾದ ಒಳ್ಳೆಯ ಪ್ರಶ್ನೆ ಅದು. ಆದರೆ ಟಿ.ವಿ.ಯಲ್ಲಿ ಅದನ್ನು ಕೇಳಿದ ತಾಯಿಗೆ ತಲುಪಿದ ಅರ್ಥ ಒಂದೇ: ಪುಡಿಯಲ್ಲಿ ಏನೋ ಇದೆ, ಬೆರೆಸಿದರೆ ಕಾಣುವುದಿಲ್ಲ. ಸತ್ಯವನ್ನೇ ಹೇಳುತ್ತಿದ್ದರೂ ಕೇಳುವವರು ಎಲ್ಲಿ ನಿಂತಿದ್ದಾರೆಂದು ನೋಡದೆ ಹೇಳಿದರೆ ಹೀಗಾಗುತ್ತದೆ. ಇದನ್ನು ಜನರ ದಡ್ಡತನ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಮಗುವಿನ ತಟ್ಟೆಯ ವಿಷಯದಲ್ಲಿ ಅನುಮಾನ ಬಂದರೆ ಬದಿಗಿಡುವುದೇ ಬುದ್ಧಿವಂತಿಕೆ.

ಜೂನ್ ಪೂರ್ತಿ ಸರಕು ಹಿಮ್ಮುಖವಾಗಿ ಹರಿಯಿತು. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಬಂದು ನೋಡಿ. 1989ರಿಂದ ಇಲ್ಲಿ ನೆಸ್ಲೆಯ ಕಾರ್ಖಾನೆ ಇದೆ. ಮ್ಯಾಗಿ ತಯಾರಾಗುತ್ತಿದ್ದ ಐದು ಕಡೆಗಳಲ್ಲಿ ಇದೂ ಒಂದು. ಉಳಿದವು ಪಂಜಾಬಿನ ಮೊಗಾ, ಗೋವಾದ ಬಿಚೋಲಿಮ್, ಉತ್ತರಾಖಂಡದ ಪಂತನಗರ, ಹಿಮಾಚಲದ ತಾಹ್ಲಿವಾಲ್. ನೂಡಲ್ಸಿನ ಲೈನುಗಳು ನಿಂತಿವೆ. ಅಂಗಡಿಯಿಂದ ಏಜೆನ್ಸಿಗೆ, ಏಜೆನ್ಸಿಯಿಂದ ಡಿಪೋಗೆ ರಟ್ಟಿನ ಪೆಟ್ಟಿಗೆಗಳು ವಾಪಸಾಗುತ್ತಿವೆ. ಮೈಸೂರಿನ ಆ ಅಂಗಡಿಯಾತ ಹಳದಿ ಸರವನ್ನು ಕೊಕ್ಕೆಯಿಂದ ಬಿಚ್ಚಿ, ಎಣಿಸಿ, ಚೀಟಿಯಲ್ಲಿ ಬರೆಸಿಕೊಂಡು, ಏಜೆನ್ಸಿ ಹುಡುಗನ ಕೈಗೆ ಕೊಡುತ್ತಾನೆ. 'ದುಡ್ಡು ಯಾವಾಗ ಬರುತ್ತಪ್ಪಾ?' ಎನ್ನುತ್ತಾನೆ. ಹೀಗೆ ದೇಶದೆಲ್ಲೆಡೆಯಿಂದ ಒಟ್ಟಾದದ್ದು 30,000 ಟನ್ನಿಗೂ ಹೆಚ್ಚು. ಅದನ್ನೆಲ್ಲ ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಸುಟ್ಟರು. ನಾಶಪಡಿಸಿದ ಸರಕಿನ ಬೆಲೆ ಸುಮಾರು 320 ಕೋಟಿ ರೂಪಾಯಿ. ಆ ತ್ರೈಮಾಸಿಕದಲ್ಲಿ ನೆಸ್ಲೆ ಇಂಡಿಯಾ 64 ಕೋಟಿ ರೂಪಾಯಿ ನಷ್ಟ ತೋರಿಸಿತು. ಹಿಂದಿನ ವರ್ಷ ಇದೇ ಮೂರು ತಿಂಗಳಲ್ಲಿ ಲಾಭ 287 ಕೋಟಿ ಇತ್ತು.

ಜುಲೈ ಕೊನೆಯ ಹೊತ್ತಿಗೆ ಭಾರತದ ಮುಖ್ಯಸ್ಥ ಎಟಿಯೆನ್ ಬೆನೆ ಜಾಗಕ್ಕೆ ಸುರೇಶ್ ನಾರಾಯಣನ್ ಬಂದರು. ಅಲ್ಲಿಯವರೆಗೆ ಅವರು ಫಿಲಿಪ್ಪೀನ್ಸಿನ ನೆಸ್ಲೆ ನೋಡಿಕೊಳ್ಳುತ್ತಿದ್ದರು. ಬಹಳ ವರ್ಷಗಳ ಬಳಿಕ ಆ ಕುರ್ಚಿಗೆ ಬಂದ ಭಾರತೀಯ. ಆಮೇಲಿನ ಬದಲಾವಣೆ ಕಿವಿಗೇ ತಿಳಿಯುತ್ತದೆ. ನಾರಾಯಣನ್ ತಮ್ಮ ನೌಕರರ ಮುಂದೆ, ವಿತರಕರ ಮುಂದೆ, ಪತ್ರಕರ್ತರ ಮುಂದೆ ತಾವೇ ಹೋಗಿ ಕೂತರು. ಮೊದಲು ಒಳಗಿನವರೊಡನೆ ಮಾತು. ಇದನ್ನು ನಾನು ಬಹಳ ಮುಖ್ಯವೆಂದುಕೊಂಡಿದ್ದೇನೆ. ಕಾರ್ಖಾನೆಯ ಕಾರ್ಮಿಕನಿಗೆ ಸಂಜೆ ಮನೆಗೆ ಹೋದಾಗ ನೆಂಟರು ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಪೂರ್ತಿ ಪುಟದ ಜಾಹೀರಾತು ಕೊಟ್ಟೂ ಪ್ರಯೋಜನವಿಲ್ಲ. ಹೊರಗಿನವರಿಗೆ ಆಗಸ್ಟಿನಲ್ಲಿ ಸಣ್ಣ ಸಣ್ಣ ವಿಡಿಯೊಗಳು ಬಂದವು. ರಾತ್ರಿ ಹಸಿದ ಒಂಟಿ ಹುಡುಗರು ಮ್ಯಾಗಿ ಇಲ್ಲದೆ ಪರದಾಡುವುದು, ಕೊನೆಗೆ ನಿಮ್ಮನ್ನು ನಾವೂ ನೆನೆಯುತ್ತಿದ್ದೇವೆ ಎಂಬ ಒಂದು ಸಾಲು. ಅದರಲ್ಲಿ ಸೀಸದ ಮಾತಿಲ್ಲ, ಬ್ಯಾಚಿನ ಮಾತಿಲ್ಲ. ಅಷ್ಟು ದಿನ ಲ್ಯಾಬಿನ ಭಾಷೆ ಆಡಿದ ಕಂಪನಿ ಮೊದಲ ಬಾರಿಗೆ ಅಡುಗೆಮನೆಯ ಭಾಷೆ ಆಡಿತು.

ಆದರೆ ಬರಿಯ ಭಾವನೆಯಿಂದ ಬಾಗಿಲು ತೆರೆಯುತ್ತಿರಲಿಲ್ಲ. ಆಗಸ್ಟ್ 13ರಂದು ಬಾಂಬೆ ಹೈಕೋರ್ಟಿನ ಕೋಣೆಯಲ್ಲಿ ನಿಂತುಕೊಳ್ಳಿ. ಪ್ರಾಧಿಕಾರದ ಆ ನಿಷೇಧ ಆದೇಶವನ್ನು ಪ್ರಶ್ನಿಸಿ ನೆಸ್ಲೆ ಹಾಕಿದ ಅರ್ಜಿಯ ಮೇಲೆ ನ್ಯಾಯಮೂರ್ತಿಗಳಾದ ವಿ.ಎಂ. ಕಾನಡೆ ಮತ್ತು ಬರ್ಜಿಸ್ ಕೊಲಾಬಾವಾಲಾ ತೀರ್ಪು ಓದುತ್ತಿದ್ದಾರೆ. ಕಂಪನಿಯ ಮಾತು ಕೇಳದೆ ನಿಷೇಧ ಹೇರಿದ್ದು ಸಹಜ ನ್ಯಾಯಕ್ಕೆ ವಿರುದ್ಧ, ಪರೀಕ್ಷೆ ಮಾಡಿದ ಲ್ಯಾಬುಗಳಿಗೆ ಕಾಯ್ದೆಯಡಿ ಬೇಕಾದ ಮಾನ್ಯತೆ ಇರಲಿಲ್ಲ, ನಿಷೇಧ ರದ್ದು. ಹಾಗೆಂದು ನಾಳೆಯಿಂದಲೇ ಮಾರಿಕೊಳ್ಳಿ ಎನ್ನಲಿಲ್ಲ. ಮೊಹಾಲಿ, ಹೈದರಾಬಾದ್, ಜೈಪುರದ ಮೂರು ಮಾನ್ಯ ಲ್ಯಾಬುಗಳಲ್ಲಿ ಹೊಸದಾಗಿ ಪರೀಕ್ಷೆಯಾಗಬೇಕು. ಅಕ್ಟೋಬರಿನಲ್ಲಿ ತೊಂಬತ್ತು ಸ್ಯಾಂಪಲ್ಲುಗಳ ವರದಿ ಬಂತು. ಎಲ್ಲದರಲ್ಲೂ ಸೀಸ ಮಿತಿಯೊಳಗೆ. ಅಕ್ಟೋಬರ್ ಕೊನೆಯ ವಾರ ನಂಜನಗೂಡು, ಮೊಗಾ, ಬಿಚೋಲಿಮ್‌ಗಳಲ್ಲಿ ಲೈನುಗಳು ಮತ್ತೆ ಶುರುವಾದವು. ಹೊಸ ಸರಕನ್ನೂ ಅದೇ ಮೂರು ಲ್ಯಾಬು ನೋಡಿದವು. ನವೆಂಬರ್ 9, ದೀಪಾವಳಿಯ ಹೊಸ್ತಿಲಲ್ಲಿ, ಮ್ಯಾಗಿ ಅಂಗಡಿಗೆ ಮರಳಿತು. ಇಂಟರ್ನೆಟ್ಟಿನಲ್ಲಿ ಸ್ನ್ಯಾಪ್‌ಡೀಲ್ ಮೂಲಕ ಇಟ್ಟ 60,000 ಕಿಟ್ಟುಗಳು ಐದು ನಿಮಿಷದಲ್ಲಿ ಖಾಲಿ. ಪೊಟ್ಟಣದ ಹಿಂದೆ 'ಎಂಎಸ್‌ಜಿ ಸೇರಿಸಿಲ್ಲ' ಎಂಬ ಸಾಲು ಇರಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತೆಂದು ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಪುಟ ಮಗುಚುತ್ತಾರೆ. ನೀವು ಮಗುಚಬೇಡಿ. ನೂರಾರು ಕೋಟಿ ಖರ್ಚಾದ ಮೇಲೂ ಅಂಗಡಿಯ ಮುಂದೆ ಆ ತಾಯಿ ಕೇಳಿದ ಪ್ರಶ್ನೆ ಬಾಕಿಯೇ ಇತ್ತು.

ಮೈಸೂರಿನ ಕೆ.ಆರ್.ಎಸ್. ರಸ್ತೆ. ಎಡಬಲ ಮರಗಳು, ಬಿಳಿಯ ದೊಡ್ಡ ಕಟ್ಟಡ. ಮೈಸೂರು ಅರಸು ಮನೆತನದ ರಾಜಕುಮಾರಿಗಾಗಿ ಕಟ್ಟಿಸಿದ ಚೆಲುವಾಂಬ ಮಹಲು ಇದು. 1950ರಿಂದ ಇದು ಸಿಎಫ್‌ಟಿಆರ್‌ಐ, ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಕೇಂದ್ರ ಸರ್ಕಾರ ಗ್ರಾಹಕರ ಪರವಾಗಿ ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಸುಮಾರು 640 ಕೋಟಿ ರೂಪಾಯಿ ಪರಿಹಾರ ಕೇಳಿತ್ತು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋದಾಗ ಸ್ಯಾಂಪಲ್ಲುಗಳು ಪರೀಕ್ಷೆಗೆ ಬಂದದ್ದು ಇಲ್ಲಿಗೆ. ಸೀಸ ಅಳೆಯುವುದು ಹೀಗೆ: ತೂಗಿದ ಸ್ಯಾಂಪಲ್ಲನ್ನು ಆಮ್ಲದಲ್ಲಿ ಕಾಯಿಸಿ, ಹಿಟ್ಟು, ಎಣ್ಣೆ, ಮಸಾಲೆ ಎಲ್ಲ ಕರಗಿ ಇಲ್ಲವಾಗಿ ತಿಳಿದ್ರವ ಉಳಿಯುವಂತೆ ಮಾಡುತ್ತಾರೆ. ಅದನ್ನು ಯಂತ್ರಕ್ಕೆ ಕೊಟ್ಟರೆ ಅದರೊಳಗಿನ ಲೋಹದ ಪ್ರಮಾಣವನ್ನು ಅಂಕಿಯಾಗಿ ತೋರಿಸುತ್ತದೆ. ಗಾಜಿನ ಪಾತ್ರೆಗೆ, ನೀರಿಗೆ, ಗಾಳಿಯ ಧೂಳಿಗೆ ಅಂಟಿದ ಸೀಸವೂ ಲೆಕ್ಕ ಕೆಡಿಸಬಲ್ಲದು, ಹಾಗಾಗಿ ಸ್ಯಾಂಪಲ್ಲಿಲ್ಲದ ಬರಿಯ ಆಮ್ಲವನ್ನೂ ಪಕ್ಕದಲ್ಲಿ ಇದೇ ರೀತಿ ಕಾಯಿಸಿ ಅಳೆಯುತ್ತಾರೆ. ಮೈಸೂರಿನ ವರದಿ 2016ರಲ್ಲಿ ಹೊರಬಂತು: ಸೀಸ ಮಿತಿಯೊಳಗೆ.

2019ರ ಜನವರಿ, ಸುಪ್ರೀಂ ಕೋರ್ಟ್. ಅದೇ ಮೈಸೂರಿನ ವರದಿ ಚರ್ಚೆಗೆ ಬಂದಿದೆ. ನೆಸ್ಲೆಯ ವಕೀಲರು ಸೀಸ ಅನುಮತಿಸಿದ ಮಿತಿಯೊಳಗಿದೆ ಎಂದು ವಾದಿಸುತ್ತಾರೆ. ಪೀಠದಿಂದ ಒಂದು ಪ್ರಶ್ನೆ ಬರುತ್ತದೆ: ಸೀಸ ಇರುವ ಮ್ಯಾಗಿಯನ್ನು ನಾವೇಕೆ ತಿನ್ನಬೇಕು? ಮೂರೂವರೆ ವರ್ಷದ ಹಿಂದೆ ದಿನಸಿ ಅಂಗಡಿಯ ಮುಂದೆ ಕೇಳಿದ್ದೂ ಇದೇ ಪ್ರಶ್ನೆ. ಉತ್ತರ ಸರಳವಾದದ್ದು. ಮಣ್ಣಿನಲ್ಲಿ, ನೀರಿನಲ್ಲಿ ಸೀಸದ ಕಣವಿದೆ, ಅದರಿಂದ ಬೆಳೆದ ಧಾನ್ಯ, ಸೊಪ್ಪು, ಮಸಾಲೆಯಲ್ಲೂ ಒಂದಿಷ್ಟು ಸೇರಿರುತ್ತದೆ, ಕಾನೂನು ಮಿತಿ ಇಟ್ಟಿರುವುದು ಅದಕ್ಕೇ. ಈ ಮಾತನ್ನು 2015ರ ಮೇ ತಿಂಗಳಲ್ಲಿ ತಾಯಂದಿರಿಗೆ ಬಿಡಿಸಿ ಹೇಳಬಹುದಿತ್ತು. ಹೇಳದೆ ಉಳಿದದ್ದರಿಂದ, ಕೋರ್ಟಿನ ವಾದ ಮರುದಿನ ಅನೇಕ ಕಡೆ ಮ್ಯಾಗಿಯಲ್ಲಿ ಸೀಸ ಇತ್ತೆಂದು ಕಂಪನಿ ಒಪ್ಪಿಕೊಂಡಿತು ಎಂಬ ತಲೆಬರಹವಾಯಿತು. ಕಂಪನಿ ಮತ್ತೆ ಸ್ಪಷ್ಟೀಕರಣ ಕೊಡಬೇಕಾಯಿತು. ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಆ ತಲೆಬರಹ ಓಡಾಡಿತು. ಆ ವರದಿ ತಮ್ಮೂರಿನದೇ ಲ್ಯಾಬಿನದೆಂದು, ಅದು ಸರಿಯಿದೆ ಎಂದೇ ಹೇಳಿತ್ತೆಂದು ಎಷ್ಟು ಜನರಿಗೆ ತಲುಪಿತು?

ಗ್ರಾಹಕ ಆಯೋಗ ಸರ್ಕಾರದ ಅರ್ಜಿಯನ್ನು ವಜಾ ಮಾಡಿದ್ದು 2024ರ ಏಪ್ರಿಲಿನಲ್ಲಿ. ಅಂದರೆ ಬಾರಾಬಂಕಿಯಲ್ಲಿ ಅರಗಿನ ಮುದ್ರೆ ಬಿದ್ದು ಹತ್ತು ವರ್ಷವಾಗಿತ್ತು. ಕಂಪನಿ ಅದನ್ನು ಷೇರು ವಿನಿಮಯ ಕೇಂದ್ರಗಳಿಗೆ ಪತ್ರ ಬರೆದು ತಿಳಿಸಿತು. ಅದು ಷೇರುದಾರರಿಗೆ ಕಳಿಸಬೇಕಾದ ಪತ್ರ, ಕಳಿಸಿತು. 2015ರಲ್ಲಿ ಪೊಟ್ಟಣ ಎತ್ತಿಕೊಳ್ಳದೆ ಮನೆಗೆ ಹೋದ ತಾಯಿಗೆ, ನಿನ್ನ ಮಗು ತಿಂದದ್ದರಲ್ಲಿ ಭಯಪಡುವಂಥದ್ದು ಇರಲಿಲ್ಲಮ್ಮ ಎಂದು ಅಷ್ಟೇ ಸ್ಪಷ್ಟವಾಗಿ ಬರೆಯುವ ಕೆಲಸ ಇನ್ನೂ ಯಾರ ಮೇಜಿನ ಮೇಲೂ ಬಂದಂತಿಲ್ಲ.